ಎಂಟು ಪರ್ಸಿಗಳ ಬೇಸಿಗೆ

ಅಫಜಲಪುರದಿಂದ ಮಣ್ಣೂರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಸೀಟಿನ ಮುಂದೆ ದೊಡ್ಡದೊಂದು ಚೀಲ ತಂದಿಟ್ಟಳು. ಅಷ್ಟು ದೊಡ್ಡ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ತಂದಿದ್ದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಇರ್ಲಿ ಬಿಡ್ರಿ ಅಕ್ಕಾರ, ಕಾಲು ಹತ್ತಿದ್ರ ಏನಾಗಲ್ಲ. ಹೊಟ್ಟು ಅದ, ಜ್ವಾಳ ಅಲ್ಲ," ಅಂದಳು.

ಚೀಲದ ಬಾಯಿಂದ ಒಣ ಹೊಟ್ಟಿನ ವಾಸನೆ ಬಂತು. ಬಿಸಿಲು ತಿಂದ ಹುಲ್ಲಿನ, ಸ್ವಲ್ಪ ಸಿಹಿಯಾದ, ಮೂಗಿನೊಳಗೆ ತುರಿಸುವ ವಾಸನೆ. ಅದರೊಂದಿಗೆ ಆರು ವರ್ಷ ಹಿಂದಿನ ಒಂದು ಬೇಸಿಗೆ ಇಡಿಯಾಗಿ ಬಂದು ನನ್ನ ಪಕ್ಕ ಕೂತಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಇಡಿಯಾಗಿ ಬರಲಿಲ್ಲ. ಮೊದಲು ಬಂದದ್ದು ನೀಲಿ ಜೀನ್ಸ್ ಬಟ್ಟೆಯ ಒಂದು ಸಣ್ಣ ಚೀಲ. ಆಮೇಲೆ ಒಂದು ಪಾದ. ಆಮೇಲೆ ನಾಚಿಕೆ. ಉಳಿದದ್ದನ್ನು ನಾನು ಈಗ ಜೋಡಿಸುತ್ತಿದ್ದೇನೆ. ಜೋಡಿಸುವಾಗ ತಪ್ಪುತ್ತೇನೆ. ತಪ್ಪಿದ್ದು ಗೊತ್ತಾದ ಕಡೆ ಹೇಳುತ್ತೇನೆ.

ನಾನು ಫಿಸಿಯೋಥೆರಪಿ ಓದಿದವಳು. ಆ ವರ್ಷ ಒಂದು ಸಣ್ಣ ಸಂಸ್ಥೆ ನನಗೆ ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲ್ಲೂಕುಗಳನ್ನು ವಹಿಸಿತ್ತು. ಸೆರೆಬ್ರಲ್ ಪಾಲ್ಸಿ ಇರುವ ಹರೆಯದ ಹುಡುಗ ಹುಡುಗಿಯರ ಮನೆಗಳಿಗೇ ಹೋಗಿ, ಕಾಲಿಗೆ ಬಲ ಬರುವ ವ್ಯಾಯಾಮ ಕಲಿಸಬೇಕು. ಹುಟ್ಟುವ ಹೊತ್ತಿಗೋ ಅದಕ್ಕೂ ಮೊದಲೋ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡವರು ಇವರು. ಸಣ್ಣವರಿದ್ದಾಗ ಮನೆಯವರು ಎಣ್ಣೆ ತಿಕ್ಕುತ್ತಾರೆ, ಹೊತ್ತುಕೊಂಡು ಆಸ್ಪತ್ರೆಗೆ ಅಲೆಯುತ್ತಾರೆ. ಹನ್ನೆರಡು ಹದಿಮೂರು ದಾಟಿದ ಮೇಲೆ ಹೊರುವವರ ಬೆನ್ನು ಸೋತು ಎಲ್ಲವೂ ನಿಂತುಹೋಗುತ್ತದೆ. ನಾನು ಓದುವಾಗ ಹಳೆಯ ಮೇಷ್ಟ್ರೊಬ್ಬರು, ಬಿಗಿದ ಸ್ನಾಯುವಿಗೆ ಭಾರ ಕೊಟ್ಟರೆ ಬಿಗಿ ಇನ್ನೂ ಹೆಚ್ಚುತ್ತದೆ ಎಂದು ಹೆದರಿಸಿದ್ದರು. ಕೆಲಸ ಮಾಡುತ್ತಾ ನನಗೆ ಕಂಡದ್ದು ಬೇರೆ. ಬಿಗಿಯ ಕೆಳಗೆ ಅಡಗಿರುವುದು ನಿಶ್ಶಕ್ತಿ. ಅದಕ್ಕೆ ಭಾರವೇ ಬೇಕು, ವಾರವಾರಕ್ಕೆ ಸ್ವಲ್ಪ ಏರುವ ಭಾರ. ಅದನ್ನು ನಂಬಿ ಚೀಲ, ಟೇಪು, ರಿಜಿಸ್ಟರು ಹಿಡಿದು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯುತ್ತಿದ್ದೆ.

ಮಣ್ಣೂರಿನ ಸುಜಾತಾಗೆ ಆಗ ಹದಿನೇಳು. ಶಾಲೆಗೆ ತಡವಾಗಿ ಸೇರಿದ್ದರಿಂದ ಆ ವರ್ಷ ಹತ್ತನೆಯ ತರಗತಿ. ಮೊಣಕಾಲು ಒಂದಕ್ಕೊಂದು ಒತ್ತಿಕೊಂಡು, ಸೊಂಟ ಬಗ್ಗಿ, ಬಲಗೈಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದಳು. ಊರಿನ ಶಾಲೆಗೆ ಹಾಗೇ ನಡೆದು ಹೋಗಿ ಬಂದವಳು. ಕಾಲೇಜಿಗೆ ಅಫಜಲಪುರಕ್ಕೆ ಹೋಗಬೇಕು. ಅಂದರೆ ಬಸ್ಸು ಹತ್ತಬೇಕು. ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಅವಳ ಮೊಣಕಾಲಿನ ಎತ್ತರಕ್ಕಿತ್ತು.

ಅವಳ ಅಪ್ಪ ಧರ್ಮಣ್ಣ, ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ಮೊದಲ ದಿನವೇ ಧರ್ಮಣ್ಣ ಮಾತು ಮುಚ್ಚಿಡದೆ ಹೇಳಿದ್ದ: "ಓದಾಕ ನಾ ಬ್ಯಾಡ ಅನ್ನಲ್ರಿ ಮೇಡಂ. ಖರೇ ದಿನಾ ಎತ್ತಿ ಹತ್ಸಾಕ ಯಾರ ಬರ್ತಾರ? ನಾವಿಬ್ರೂ ಬೆಳಗಾಗದಾಗ ಹೊಲಕ್ಕ ಹೋಗಾವ್ರು. ತಾನೇ ಹತ್ತಿದ್ರ ಹೋಗಲಿ. ಇಲ್ಲಂದ್ರ ಹೊಲಿಗಿ ಮಷೀನು ಅದ ಮನ್ಯಾಗ."

"ಮಷೀನು ನೀನೇ ತುಳಿ," ಅಂದಳು ಸುಜಾತಾ. ಆಮೇಲೆ ನನ್ನ ಕಡೆ ತಿರುಗಿ, "ಮಂದಿ ಕಂಕುಳಾಗ ಕೈ ಹಾಕಿ ಎತ್ತೋದು ನನಗ ಬ್ಯಾಡ್ರಿ. ಸಣ್ಣಾಕಿ ಇದ್ದಾಗ ನಡೀತಿತ್ತು. ಈಗ ಬ್ಯಾಡ," ಅಂದಳು.

ಫೆಬ್ರವರಿ ಇರಬೇಕು. ಜೋಳದ ರಾಶಿ ಮುಗಿದಿತ್ತು. ಇಷ್ಟು ಖಂಡಿತ, ಏಕೆಂದರೆ ನಾನು ಮಾಡಿದ ತಪ್ಪಿಗೆ ಹೊಸ ಜೋಳ ಬೇಕಿತ್ತು.

ಪಾದದ ಗಂಟಿಗೆ ಕಟ್ಟುವ ಭಾರದ ಪಟ್ಟಿಯನ್ನು ಅಂಗಡಿಯಿಂದ ತರಿಸುವ ಬದಲು ಹಳೆಯ ಜೀನ್ಸ್ ಬಟ್ಟೆಯಲ್ಲಿ ಸಣ್ಣ ಚೀಲಗಳನ್ನು ಹೊಲಿಸಿದ್ದೆ. ಮರಳು ತುಂಬಿದರೆ ಹೊಲಿಗೆಯ ಸಂದಿನಿಂದ ಸೋರುತ್ತದೆ. ಜೋಳ ಸೋರುವುದಿಲ್ಲ, ಎಲ್ಲರ ಮನೆಯಲ್ಲೂ ಇದೆ, ಅಳೆಯುವುದು ಸುಲಭ. ಈ ಉಪಾಯ ನನಗೆ ಬಹಳ ಹಿಡಿಸಿತ್ತು. 'ಸ್ಥಳೀಯ ವಸ್ತುಗಳ ಬಳಕೆ' ಎಂದು ವರದಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದೆ. ಧರ್ಮಣ್ಣ ಡಬ್ಬಿಯಿಂದ ಜೋಳ ತಂದುಕೊಟ್ಟ. ನಾನು ಅರ್ಧರ್ಧ ಕಿಲೋ ತುಂಬಿ, ಬಾಯಿ ಬಿಗಿದು, ಸುಜಾತಾಳ ಎರಡೂ ಕಾಲಿಗೆ ಕಟ್ಟಿದೆ. ಅವಳ ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು. ಕಟ್ಟಿದ್ದು ಮುಗಿಯುವಷ್ಟರಲ್ಲಿ ಆಯಿ ಎದ್ದು ಒಳಗೆ ಹೋದಳು. ಚಹಾ ಇಡಲು ಹೋದಳು ಎಂದುಕೊಂಡೆ. ಚಹಾ ಬರಲಿಲ್ಲ.

ನಾನು ಎರಡು ವಾರಕ್ಕೊಮ್ಮೆ ಬರುತ್ತಿದ್ದೆ. ಬರುವ ಹೊತ್ತಿಗೆ ಸುಜಾತಾ ಚೀಲ ಕಟ್ಟಿಕೊಂಡೇ ಹೊರಸಿನ ಮೇಲೆ ಕೂತಿರುತ್ತಿದ್ದಳು. ಕಾಲು ನೀಡಿ ಎತ್ತುವುದು, ನಿಧಾನ ಇಳಿಸುವುದು. ಹತ್ತು ಸಲ, ವಿರಾಮ, ಮತ್ತೆ ಹತ್ತು. "ಮುಕ್ಕಾಲು ಕಿಲೋ ಆಯ್ತಾ?" "ಆಯ್ತ್ರಿ." "ತ್ರಾಸ ಆಗ್ತದೇನು?" "ಇಲ್ರಿ." ನಾನು ಬರೆದುಕೊಳ್ಳುತ್ತಿದ್ದೆ. ಮಾರ್ಚಿನಲ್ಲಿ ಒಂದು ಕಿಲೋ. ಏಪ್ರಿಲಿಗೆ ಒಂದೂವರೆ. ಆ ಪುಟ ನನ್ನ ರಿಜಿಸ್ಟರಿನ ಅತ್ಯಂತ ಸುಂದರ ಪುಟವಾಗಿತ್ತು. ಅಂಕಿಗಳು ಮೆಟ್ಟಿಲಿನಂತೆ ಏರಿದ್ದವು. ಮೂರು ತಿಂಗಳಲ್ಲಿ ನಾನು ಆ ಚೀಲವನ್ನು ಒಮ್ಮೆಯೂ ಕೈಯಲ್ಲಿ ಹಿಡಿಯಲಿಲ್ಲ.

ಅವಳ ಪರೀಕ್ಷೆ ಮುಗಿದ ಮೇಲೆ ಒಂದು ದಿನ, ಬಸ್ಸು ಹತ್ತಿ ನೋಡೋಣ ಎಂದು ನಾನೇ ಅವಸರ ಮಾಡಿದೆ. ಬಸ್ಸು ಬಂತು. ಸುಜಾತಾ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಸರಳು ಹಿಡಿದು, ಕಾಲನ್ನು ಮೆಟ್ಟಿಲ ಮೇಲೆ ಇಟ್ಟಳು. ಇಡುವುದು ಸಾಧ್ಯವಾಯಿತು. ಮೈ ಮೇಲೇಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ತೊಡೆ ನಡುಗಿತು, ಅಷ್ಟೇ.

"ಎತ್ತಿ ಹಾಕ್ರಿ, ಟೈಮ್ ಆಗ್ಯಾದ," ಎಂದ ಕಂಡಕ್ಟರ್. ಕೆಟ್ಟವನಲ್ಲ, ನಿಜಕ್ಕೂ ಸಮಯವಾಗಿತ್ತು. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಸಹಾಯ ಮಾಡಲೆಂದು ಅವಳ ಎರಡೂ ಕಂಕುಳಿಗೆ ಕೈ ಹಾಕಿದರು.

"ಬಿಡ್ರಿ ನನ್ನ! ಬಿಡ್ರಿ ಅಂದ್ರ!"

ಬಿಟ್ಟರು. ಬಸ್ಸು ಹೋಯಿತು. ಧೂಳು ಇಳಿಯುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.

ನನ್ನ ನೆನಪಿನಲ್ಲಿ, ಅಂದೇ ಅವಳ ಮನೆಗೆ ಹೋಗಿ ನಾನು ಚೀಲವನ್ನು ಕೈಗೆತ್ತಿಕೊಳ್ಳುತ್ತೇನೆ. ಈ ಕ್ರಮ ಕಥೆಗೆ ಒಪ್ಪುತ್ತದೆ. ಆದರೆ ರಿಜಿಸ್ಟರಿನಲ್ಲಿ ಅಂದು ಮಧ್ಯಾಹ್ನ ಜೇವರ್ಗಿಯ ಭೇಟಿ ಇದೆ. ಅಂದರೆ ಅವಳನ್ನು ಮನೆಗೆ ಬಿಟ್ಟು ನಾನು ಮುಂದಿನ ಬಸ್ಸು ಹಿಡಿದು ಓಡಿಹೋಗಿದ್ದೆ. ಚೀಲವನ್ನು ಎತ್ತಿದ್ದು ಎರಡು ವಾರ ಬಿಟ್ಟು ಬಂದಾಗ. ಆ ಎರಡು ವಾರ ನನ್ನ ನೆನಪಿನಿಂದ ಹೇಗೆ ಜಾರಿಹೋದವೋ ಗೊತ್ತಿಲ್ಲ. ಗೊತ್ತಿದೆ, ಬರೆಯಲು ಮನಸ್ಸಿಲ್ಲ.

ಚೀಲ ಹೊರಸಿನ ಕೆಳಗೆ ಬಿದ್ದಿತ್ತು. ಒಂದೂವರೆ ಕಿಲೋ ಎಂದುಕೊಂಡು ಎತ್ತಿದ ಕೈ ತಾನೇ ಮೇಲಕ್ಕೆ ಹಾರಿತು. ಬಾಯಿ ಬಿಚ್ಚಿದೆ. ಹೊಟ್ಟು. ತುರುಕಿ ತುಂಬಿದ, ದುಂಡಗೆ ಕೂತ ಜೋಳದ ಹೊಟ್ಟು. ನಾನು ಭಾರ ಏರಿಸಲು ಹೇಳಿದಾಗಲೆಲ್ಲ ಚೀಲ ಇನ್ನಷ್ಟು ದುಂಡಗಾಗಿತ್ತು.

"ಆಯಿ, ಇದರಾಗಿನ ಜ್ವಾಳ ಎಲ್ಲಿ?"

"ಡಬ್ಬ್ಯಾಗ ಅದ. ಎಲ್ಲಿ ಹೋಗ್ತದ?"

"ಯಾಕ ತಗದಿ?"

"ನೀ ಯಾಕ ತುಂಬಿದಿ ಬೇ?" ಆಯಿ ಸಿಟ್ಟಿನಿಂದ ಕೇಳಲಿಲ್ಲ. ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದಳು. "ರಾಶಿ ಆದ ಮ್ಯಾಲ ಕಣದಾಗ ಬಗ್ಗಿ ಒಂದೊಂದು ಕಾಳು ಆರ್ಸಿ ತಂದೇನಿ. ತಿನ್ನೋ ಜ್ವಾಳ ತಂದು ಹುಡುಗಿ ಕಾಲಿಗಿ ಕಟ್ಟಿದಿ. ಸಾಲಿ ಕಲ್ತಾಕಿ ಅದಿ, ನಿನಗ ಏನ್ ಹೇಳಾದು? ನಿನ್ನ ಮಾತೂ ಇರ್ಲಿ, ಜ್ವಾಳದ ಮಾನನೂ ಇರ್ಲಿ ಅಂತ ಹೊಟ್ಟು ತುಂಬಿದೆ."

ನಾನು ಹೊರಗಿನವಳಲ್ಲ. ಕಲಬುರಗಿಯಲ್ಲೇ ಹುಟ್ಟಿ ಬೆಳೆದವಳು. ಕಾಳು ಕಾಲಿಗೆ ತಾಗಿದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ನನ್ನ ಅವ್ವ ಅಡುಗೆಮನೆಯಲ್ಲಿ ಎಷ್ಟು ಸಲ ಗದರಿಸಿಲ್ಲ! ಗೊತ್ತಿತ್ತು. ಗೊತ್ತಿದ್ದದ್ದು ಓದಿದ್ದರ ಅಡಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

"ನಿನಗ ಗೊತ್ತಿತ್ತೇನು?" ಎಂದು ಸುಜಾತಾಳನ್ನು ಕೇಳಿದೆ.

ಅವಳು ಕೋಲಿನ ತುದಿಯಿಂದ ನೆಲ ಗೀರುತ್ತಿದ್ದಳು. "ಮೊದಲ ಗೊತ್ತಿರ್ಲಿಲ್ರಿ. ಒಂದಿನ ಕಾಲು ಹಗುರ ಎದ್ದಿತು. ನಾ ಗಟ್ಟಿ ಆಗೇನಿ ಅನ್ಕೊಂಡೆ. ಎಂಟು ದಿನ ಹಂಗೇ ಅನ್ಕೊಂಡಿದ್ದೆ."

"ಆಮೇಲೆ?"

"ಹೊಟ್ಟು ಚುಚ್ಚಾಕ ಹತ್ತಿತು."

"ಹೇಳಬೇಕಿಲ್ಲೇನು ಮತ್ತ?"

"ಹೆಂಗ ಹೇಳಾದ್ರಿ? ಹೇಳಿದ್ರ ಆಯಿಗಿ ನೀವು ಬೈತಿದ್ರಿ. ಮತ್ತ..." ಅವಳು ತಲೆ ಎತ್ತಲಿಲ್ಲ. "ಬರಕೊಳ್ಳಾಗ ನೀವು ಭಾಳ ಖುಷಿ ಇರ್ತಿದ್ರಿ."

ಆ ವಾರ ಮೂರೂ ತಾಲ್ಲೂಕಿನ ಚೀಲಗಳನ್ನು ಬಿಚ್ಚಿ ನೋಡಿದೆ. ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ಮಲ್ಲು ಎಂಬ ಹುಡುಗನ ಚೀಲದಲ್ಲಿ ಟ್ರ್ಯಾಕ್ಟರಿನ ನಟ್ಟು ಬೋಲ್ಟುಗಳಿದ್ದವು. ನಾನು ಬರೆದದ್ದಕ್ಕಿಂತ ಒಂದೂವರೆ ಪಟ್ಟು ಭಾರವನ್ನು ಅವನು ಎತ್ತುತ್ತಿದ್ದ. "ಜ್ವಾಳ ಅವತ್ತೇ ರೊಟ್ಟಿ ಆಯ್ತ್ರಿ. ನೀವು ಮನಿ ದಾಟಿರ್ಲಿಲ್ಲ," ಎಂದು ಅವನಪ್ಪ ನಕ್ಕ. ಜೇವರ್ಗಿಯ ಮನೆಯೊಂದರಲ್ಲಿ ಹುಣಸೆ ಬೀಜವಿತ್ತು. ಒಂದೇ ಒಂದು ಮನೆಯಲ್ಲೂ ಜೋಳ ಉಳಿದಿರಲಿಲ್ಲ. ಎಲ್ಲರೂ ನನ್ನ ತಪ್ಪನ್ನು ನನಗೆ ನೋವಾಗದಂತೆ ತಿದ್ದಿದ್ದರು. ಹೊಟ್ಟು ತುಂಬಿದ್ದು ಮಣ್ಣೂರಿನಲ್ಲಿ ಮಾತ್ರ, ಮತ್ತು ಗಡುವು ಇದ್ದದ್ದೂ ಅಲ್ಲಿಯೇ. ಕಾಲೇಜು ಶುರುವಾಗಲು ಆರು ವಾರ ಉಳಿದಿತ್ತು.

ಧರ್ಮಣ್ಣನಿಗೆ ವಿಷಯ ತಿಳಿದಾಗ ಅವನು ಆಯಿಗೂ ಬೈಯಲಿಲ್ಲ, ನನಗೂ ಬೈಯಲಿಲ್ಲ. ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ, ಬಸ್ಸು ನಿಂತಾಗ ಮೆಟ್ಟಿಲಿನ ಎತ್ತರವನ್ನು ಗೇಣಿನಿಂದ ಅಳೆದು ಬಂದ. ಹಿತ್ತಲಲ್ಲಿ ಶಹಾಬಾದ್ ಕಡೆಯ ಹಾಸುಗಲ್ಲುಗಳಿದ್ದವು, ನಮ್ಮ ಕಡೆ ಪರ್ಸಿ ಅನ್ನುತ್ತೇವಲ್ಲ, ಅವು. ಒಂದರ ಮೇಲೊಂದು ಪೇರಿಸಿ, ಗೇಣು ಹಾಕಿ ನೋಡಿ, "ಎಂಟು ಪರ್ಸಿ ಆಗ್ತದ್ರಿ ಬರೊಬ್ಬರಿ," ಅಂದ. ಆಮೇಲೆ ಮೇಲಿನ ಕಲ್ಲನ್ನು ಅಂಗೈಯಿಂದ ತಟ್ಟಿ, "ಇದರಾಗ ಹೊಟ್ಟು ತುಂಬಾಕ ಬರಲ್ಲ ನೋಡ್ರಿ," ಅಂದ. ಒಳಗಿನಿಂದ ಆಯಿಯ ನಗು ಕೇಳಿಸಿತು.

ಮೂರು ಪರ್ಸಿಯಿಂದ ಶುರು ಮಾಡಿದೆವು. ಚೀಲಕ್ಕೆ ಭೀಮಾ ನದಿಯ ಮರಳು ತುಂಬಿ, ಸೋರದಂತೆ ಸುಜಾತಾಳ ಅವ್ವ ಎರಡು ಸುತ್ತು ಹೊಲಿದಳು. ಈಗ ನಾನು ವಾರಕ್ಕೆರಡು ಸಲ, ಮೊದಲ ಬಸ್ಸಿಗೇ ಬರುತ್ತಿದ್ದೆ. ಮೇ ತಿಂಗಳು. ಎಂಟು ಗಂಟೆಗೆ ಅಂಗಳ ಕಾದುಬಿಡುತ್ತಿತ್ತು, ಒಂಬತ್ತಕ್ಕೆ ಪರ್ಸಿಯ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ಆಯಿ ಅದರ ಮೇಲೆ ನೀರು ಚಿಮುಕಿಸುತ್ತಿದ್ದಳು. ನೀರು ಬಿದ್ದ ಕಲ್ಲು ಚುಯ್ಯೆಂದು ಒಣಗುತ್ತಿತ್ತು. ಹೊರಸಿನಿಂದ ಕೈ ಊರದೆ ಏಳುವುದು ಹತ್ತು ಸಲ. ಪರ್ಸಿ ಹತ್ತುವುದು, ಮೂರು ಎಣಿಸುತ್ತಾ ಇಳಿಯುವುದು. ಏರುವಾಗಿನದಕ್ಕಿಂತ ಇಳಿಯುವಾಗಲೇ ಕಾಲು ಕಲಿಯುತ್ತದೆ ಎಂದು ನಾನು ಹೇಳಿದರೆ, "ಹಂಗಾದ್ರ ನನ್ನ ಕಾಲು ಭಾಳ ಓದಾಕತ್ತದ್ರಿ, ನಾನೂ ಇಷ್ಟು ಓದಿರ್ಲಿಲ್ಲ," ಅನ್ನುತ್ತಿದ್ದಳು ಸುಜಾತಾ. ಬೆವರು ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು. ಕೆಲವೊಮ್ಮೆ ನನ್ನನ್ನು ಬೈಯುತ್ತಿದ್ದಳು, ಕೆಲವೊಮ್ಮೆ ಕಲ್ಲನ್ನು.

ಹತ್ತನೆಯ ತರಗತಿಯ ಫಲಿತಾಂಶ ಬಂತು, ಪಾಸಾಗಿದ್ದಳು. ಅಂದು ಆಯಿ ಹುಗ್ಗಿ ಮಾಡಿದ್ದಳು, ಸುಜಾತಾ ಮೊದಲು ಐದು ಪರ್ಸಿ ಹತ್ತಿ ಆಮೇಲೆ ಉಂಡಳು ಎಂದು ನನ್ನ ನೆನಪು. ಇದು ಒಂದೇ ದಿನ ನಡೆದದ್ದೋ, ಬೇರೆ ಬೇರೆ ದಿನಗಳನ್ನು ನಾನೇ ಹೊಲಿದುಬಿಟ್ಟಿದ್ದೇನೋ, ಹೇಳಲಾರೆ.

ಆರರಲ್ಲಿ ಅವಳು ನಿಂತುಬಿಟ್ಟಳು. ಹತ್ತು ಹನ್ನೆರಡು ದಿನ ಆರು, ಆರು, ಆರು. ರಿಜಿಸ್ಟರಿನಲ್ಲಿ ಅದೇ ಅಂಕಿ ಒಂದರ ಕೆಳಗೊಂದು. ಹಿಂದಿನ ಸುಂದರ ಪುಟಕ್ಕಿಂತ ಈ ಪುಟವನ್ನು ನಾನು ಹೆಚ್ಚು ನಂಬುತ್ತೇನೆ. ಕೊನೆಗೆ ಕಂಡದ್ದು ಇಷ್ಟು: ಮೇಲೇಳುವಾಗ ಭಯದಿಂದ ಅವಳ ಮೈ ಹಿಂದಕ್ಕೆ ವಾಲುತ್ತಿತ್ತು. ಭಾರವನ್ನೆಲ್ಲ ಕೈ ಎಳೆಯುತ್ತಿತ್ತು, ಕಾಲು ಸುಮ್ಮನಿರುತ್ತಿತ್ತು. "ಮೂಗು ಮೊಣಕಾಲಿನ ಮುಂದ ಬರ್ಲಿ," ಅಂದೆ. "ಮುಗ್ಗರಿಸಿ ಬಿದ್ರ?" "ನಾ ಅದೇನಿ." ಅವಳು ನನ್ನನ್ನೊಮ್ಮೆ ನೋಡಿದಳು. ಬಸ್ಸು ತಪ್ಪಿದ ದಿನ ನಾನು ಎಲ್ಲಿಗೆ ಓಡಿಹೋಗಿದ್ದೆ ಎಂದು ಕೇಳಲಿಲ್ಲ. ಬಗ್ಗಿದಳು. ಎದ್ದಳು.

ಏಳನೆಯ ಪರ್ಸಿ ಇಟ್ಟ ವಾರ ನನ್ನ ಕೆಲಸದ ಅವಧಿ ಮುಗಿಯುತ್ತಾ ಬಂದಿತ್ತು. ಕಾಲೇಜು ಶುರುವಾದ ದಿನ ನಾನು ಜೇವರ್ಗಿಯಲ್ಲಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಹಿಂದೆ ಬಸ್ಸಿನ ಸದ್ದು.

"ಮೇಡಂ, ಒಳಗ ಕುಂತೇನಿ."

"ನೀನೇ ಹತ್ತಿದೇನು?"

"ಹ್ಞೂಂರಿ. ಯಾರೂ ಮುಟ್ಟಿಲ್ಲ."

ರಿಜಿಸ್ಟರು ತೆಗೆದು, ಏಳರ ಕೆಳಗೆ ಎಂಟು ಎಂದು ಬರೆದೆ. ಸುತ್ತ ಒಂದು ವೃತ್ತ ಎಳೆದೆ. ಆ ವಾರವೇ ಸಂಸ್ಥೆಗೆ ಪುಸ್ತಕ ಒಪ್ಪಿಸಿ ಬೇರೆ ಜಿಲ್ಲೆಗೆ ಹೋದೆ. ಇಷ್ಟು ವರ್ಷ ಆ ಬೇಸಿಗೆ ನನ್ನೊಳಗೆ ಮುಗಿಯುತ್ತಿದ್ದದ್ದು ಹೀಗೆ: ಅವಳ ಬಲಗಾಲು, ಸರಳು ಹಿಡಿದ ಕೈ, ಮೂಗು ಮುಂದಕ್ಕೆ, ಒಂದು ಜೀಕು. ಅಷ್ಟು ಸ್ಪಷ್ಟವಾಗಿ ನೆನಪಿದೆ. ನಾನು ಅಲ್ಲಿರಲೇ ಇಲ್ಲ.

ಈ ಸಲ ಅಫಜಲಪುರದಲ್ಲಿ ಒಂದು ಶಿಬಿರದ ಕೆಲಸ ಬೇಗ ಮುಗಿಯಿತು. ಹಾಗಾಗಿಯೇ ಮಣ್ಣೂರಿನ ಬಸ್ಸು ಹತ್ತಿದ್ದು. ಸುಜಾತಾ ಈಗ ಬಿ.ಎ. ಮುಗಿಸಿ ಅಫಜಲಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆ. ಅಂದು ಮಧ್ಯಾಹ್ನದ ಪಾಳಿ. ನಡಿಗೆ ಹಾಗೆಯೇ ಇದೆ, ಕೋಲೂ ಇದೆ. ಅಂಗಳದಲ್ಲಿ ಎಂಟೂ ಪರ್ಸಿಗಳು ಇದ್ದವು, ಅವುಗಳ ಮೇಲೆ ನೀರಿನ ಡ್ರಮ್ಮು. ಆಯಿಗೆ ಕಣ್ಣು ಮಂಜಾಗಿದೆ. ನನ್ನ ಮುಖ ಸವರಿ, "ಯಾರು ಬೇ? ಆ ಜ್ವಾಳದಾಕಿ ಏನು?" ಅಂದಳು.

ಪಾಳಿಗೆ ಹೊರಟ ಸುಜಾತಾಳೂ ನಾನೂ ಬಸ್ ನಿಲ್ದಾಣಕ್ಕೆ ನಡೆದು ಬಂದೆವು. ನನಗಾಗಿ ಅವಳು ನಿಧಾನ ಮಾಡಲಿಲ್ಲ. ಅವಳಿಗಾಗಿ ನಾನೂ ಮಾಡಲಿಲ್ಲ.

"ಆ ದಿನ ಫೋನ್ ಮಾಡಿದ್ದಿಯಲ್ಲ, ನಾ ಎಂಟು ಅಂತ ಬರದು ಸುತ್ತ ಗೋಲ ಹಾಕಿದ್ದೆ," ಅಂದೆ.

ಅವಳು ನಿಂತಳು. "ಎಂಟು ಅಂತ ಬರದ್ರಿ?"

"ಹೌದು."

"ಅಯ್ಯ, ಅವತ್ತು ಐದೇ ಇತ್ರಿ!" ಕೋಲಿನಿಂದ ರಸ್ತೆಯ ಅಂಚು ತೋರಿಸಿದಳು. "ಇಲ್ಲೊಂದು ತಗ್ಗು ಇತ್ತು. ಡ್ರೈವರಣ್ಣ ಈ ಕಡಿ ಗಾಲಿ ತಗ್ಗಿನಾಗ ಇಳಿಸಿ ನಿಲ್ಲಿಸಿದ. ಮೆಟ್ಟಿಲು ತಾನೇ ತಗ್ಗಿತು. ನಾನೂ ಅವತ್ತು ಗಟ್ಟಿ ಆಗೇನಿ ಅನ್ಕೊಂಡೆ. ಆಮ್ಯಾಲ ನೋಡತೇನಿ, ದಿನಾ ಅಲ್ಲೇ ನಿಲ್ಲಸ್ತಾನ. ನನಗ ನೋಡೇ ನಿಲ್ಲಸ್ತಿದ್ದ. ಅವನೂ ಹೊಟ್ಟು ತುಂಬಿದ್ನ್ರಿ ಮೇಡಂ!"

ಅವಳು ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

"ಮತ್ತ ಎಂಟು?"

"ಶ್ರಾವಣದಾಗ. ಪಂಚಾಯ್ತಿಯವ್ರು ಮುರುಮು ಹಾಕಿ ತಗ್ಗು ಮುಚ್ಚಿಬಿಟ್ರು. ನೀವು ಹೋಗಿಬಿಟ್ಟಿದ್ರಿ. ನಾ ಮನ್ಯಾಗ ಪರ್ಸಿ ಬಿಟ್ಟಿರ್ಲಿಲ್ಲ, ಚಲೋ ಆಯ್ತು. ಬಸ್ಸು ಸಪಾಟ ನಿಂತಿತ್ತು. ಡ್ರೈವರಣ್ಣ ಕನ್ನಡ್ಯಾಗ ನನ್ನೇ ನೋಡಾಕತ್ತಿದ್ದ. ಹತ್ತಿದೆ."

"ಯಾರು ನೋಡಿದ್ರು?"

"ಯಾರ ನೋಡ್ತಾರ್ರಿ? ಎಲ್ಲಾರಿಗೂ ಸೀಟಿನ ಚಿಂತಿ."

ಬಸ್ಸು ಬಂತು. ಸಮತಟ್ಟು ನೆಲದಲ್ಲೇ ನಿಂತಿತು. ಈ ಸಲವಾದರೂ ಕಣ್ಣಾರೆ ನೋಡಬೇಕೆಂದು ನಾನು ಪಕ್ಕಕ್ಕೆ ಸರಿದೆ. ಆದರೆ ಕಾಯುತ್ತಿದ್ದವರೆಲ್ಲ ಒಮ್ಮೆಗೇ ನುಗ್ಗಿದರು; ಒಬ್ಬನ ಭುಜ, ಒಬ್ಬಳ ಬುಟ್ಟಿ, ಅವುಗಳ ನಡುವೆ ಸರಳು ಹಿಡಿದ ಒಂದು ಕೈ, ಆಮೇಲೆ ಎರಡನೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಹಿಮ್ಮಡಿ. ಮೊದಲ ಮೆಟ್ಟಿಲು ನನಗೆ ಕಾಣಲೇ ಇಲ್ಲ.

"ಹತ್ರಿ ಮೇಡಂ, ಹತ್ರಿ! ಬಿಡ್ತದ!" ಒಳಗಿನಿಂದ ಅವಳ ದನಿ.

ನಾನು ಸರಳು ಹಿಡಿದು ಕಾಲೆತ್ತಿದೆ. ಆ ವರ್ಷ ಇಂಥ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿದವಳು ನಾನು, ಒಮ್ಮೆಯೂ ಅದರ ಎತ್ತರ ನನ್ನ ಕಾಲಿಗೆ ತಿಳಿದಿರಲಿಲ್ಲ. ಈಗ ತಿಳಿಯಿತು. ಎಂಟು ಪರ್ಸಿ. ಒಂದು ಹೆಚ್ಚೇ ಇದ್ದೀತು.